ಕೂಡಲ ಸೀಮೆಯಲ್ಲಿ ಹುಟ್ಟು, ಮದುವೆ, ಮಣ್ಣು

ತಿರುಮಕೂಡಲು ನರಸೀಪುರದಲ್ಲಿ ಕಪಿಲೆ ಬಂದು ಕಾವೇರಿಯನ್ನು ಸೇರುತ್ತದೆ. 1959ರಿಂದ 1965ರ ನಡುವೆ ಪುರಾತತ್ವಜ್ಞರು ಇಲ್ಲಿನ ನದಿದಂಡೆಯನ್ನು ಹಲವು ಹಂತಗಳಲ್ಲಿ ಅಗೆದು ನೋಡಿದರು. ಡಾ. ಎಂ. ಶೇಷಾದ್ರಿಯವರ ನೇತೃತ್ವದ ಆ ಉತ್ಖನನದಲ್ಲಿ ನವಶಿಲಾಯುಗದ ಜನ ಬಳಸಿದ ಕಲ್ಲಿನ ಕೊಡಲಿಗಳು, ಮಡಕೆ ಚೂರುಗಳ ಜೊತೆಗೆ ಅವರು ತಮ್ಮವರನ್ನು ಹೂಳಿದ ಗುಂಡಿಗಳೂ ಕಂಡವು. ಸುಟ್ಟ ಮಣ್ಣಿನಲ್ಲಿ ಮಾಡಿದ ತಲೆದಿಂಬುಗಳೂ ಸಿಕ್ಕವು. ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನ ಮಾತು ಇದು. ಇಲ್ಲಿ ಗುಡಿಯಿರಲಿಲ್ಲ, ಪಂಚಾಂಗವಿರಲಿಲ್ಲ, ಸ್ಥಳಪುರಾಣ ಹೇಳುವವರೂ ಇರಲಿಲ್ಲ. ಆದರೂ ಸತ್ತವರನ್ನು ಈ ನೀರಿನ ಮಗ್ಗುಲಲ್ಲೇ ಮಲಗಿಸಬೇಕೆಂದು ಯಾರಿಗೋ ಅನ್ನಿಸಿತ್ತು.

ಇವತ್ತಿಗೂ ಜನಕ್ಕೆ ಹಾಗೇ ಅನ್ನಿಸುತ್ತದೆ. ಸಂಗಮದ ಮೆಟ್ಟಿಲ ಒಂದು ಮೂಲೆಯಲ್ಲಿ ದರ್ಭೆ ಹಿಡಿದ ಪುರೋಹಿತರು ಯಾವುದೋ ಮನೆಯವರಿಂದ ಅಸ್ಥಿ ಬಿಡಿಸುತ್ತಿರುತ್ತಾರೆ. ಹತ್ತು ಮಾರು ಆಚೆ ಹೊಸ ಮದುಮಕ್ಕಳು ಗಂಗಮ್ಮನಿಗೆ ಅರಿಶಿನ ಕುಂಕುಮ ಬಿಡುತ್ತಾರೆ. ಇನ್ನೂ ಆಚೆ ಹುಡುಗರು ಈಜು ಬಿದ್ದಿರುತ್ತಾರೆ. ಒಬ್ಬರ ಸಂಕಟಕ್ಕೂ ಇನ್ನೊಬ್ಬರ ಸಂಭ್ರಮಕ್ಕೂ ನೀರು ಒಂದೇ. ಅದು ಅಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ.

ಪ್ರಕೃತಿಯ ಮಡಿಲಲ್ಲಿ ಮನಃಶಾಂತಿ ಹುಡುಕುವ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. ಶನಿವಾರ ಭಾನುವಾರ ಕಾಡಿನ ನಡುವಿನ ರೆಸಾರ್ಟುಗಳಲ್ಲಿ ನಡೆಯುವ ಯೋಗ ಶಿಬಿರಗಳಿಗೂ ಕಡಿಮೆಯಿಲ್ಲ. ಆದರೆ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹೆಮ್ಮಿಗೆಯಂಥ ಹಳ್ಳಿಗಳಲ್ಲಿ ಈ ನಂಟು ಬೆಳೆದ ಬಗೆಯೇ ಬೇರೆ. ಅಲ್ಲಿ ನದಿ, ಮರ, ಹುತ್ತದ ಬಳಿಗೆ ಮನುಷ್ಯ ಹೋಗುವುದು ಬದುಕು ಮಗ್ಗುಲು ಬದಲಿಸುವ ಹೊತ್ತಿನಲ್ಲಿ: ಕೂಸು ಹುಟ್ಟಿದಾಗ, ಹೆಣ್ಣುಮಗಳು ದೊಡ್ಡವಳಾದಾಗ, ಮದುವೆಯಾದಾಗ, ಮನೆಯ ಹಿರಿಯರು ಕಣ್ಮುಚ್ಚಿದಾಗ. ಹಾಗೆ ಹೋಗುವವರು ಬರೀ ಕೂತು ನೋಡಲು ಹೋಗುವುದಿಲ್ಲ. ನೀರಿಗಿಳಿಯುತ್ತಾರೆ, ಮಣ್ಣು ಹೊರುತ್ತಾರೆ, ಕೊಂಬೆ ಕಡಿದು ತರುತ್ತಾರೆ. ನಂಟು ಕೈಯ ಕೆಲಸದಿಂದ ಕಟ್ಟಿದ್ದು. ಅದಕ್ಕೇ ಇಷ್ಟು ಕಾಲ ಬಾಳಿದೆ.

ಸಂಗಮದ ಮಹಿಮೆಗೆ ಊರಿನವರು ಹೇಳುವ ಕಥೆಯೊಂದಿದೆ. ಇಲ್ಲಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಯ ಪುಣ್ಯವನ್ನೂ ಈ ಕ್ಷೇತ್ರದ ಪುಣ್ಯವನ್ನೂ ತಕ್ಕಡಿಗೆ ಹಾಕಿದರೆ ಇಲ್ಲಿಯದು ಒಂದು ಗುಲಗಂಜಿ ತೂಕ ಹೆಚ್ಚಂತೆ. ಕಾಶಿಗೆ ಹೋಗುವ ಶಕ್ತಿಯಿಲ್ಲದ ಬಡವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಯಾವುದಿದ್ದೀತು! ಮನೆ ಪಕ್ಕದ ಹೊಳೆಯೇ ಸಾಕು, ದೂರ ಹೋಗಬೇಕಿಲ್ಲ ಎಂಬ ಧೈರ್ಯವನ್ನು ಆ ಪುಟ್ಟ ಕಾಳು ಕೊಡುತ್ತದೆ. ಕಾವೇರಿ, ಕಪಿಲೆಯರ ಜೊತೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಇಲ್ಲಿ ಕೂಡುತ್ತದೆಂಬ ನಂಬಿಕೆಯಿಂದ ಇದು ತ್ರಿವೇಣಿ ಸಂಗಮ. 1989ರಲ್ಲಿ ಆದಿಚುಂಚನಗಿರಿ, ಸುತ್ತೂರು, ಕೈಲಾಸಾಶ್ರಮದ ಮಠಾಧೀಶರ ಪ್ರಯತ್ನದಿಂದ ಇಲ್ಲಿ ಕುಂಭಮೇಳ ಶುರುವಾಯಿತು. ಮೂರು ವರ್ಷಕ್ಕೊಮ್ಮೆ ನಡೆಯಬೇಕಾದ ಈ ಮೇಳ ಈಚೆಗೆ ನಡೆದದ್ದು 2025ರ ಫೆಬ್ರುವರಿ 10ರಿಂದ 12ರವರೆಗೆ.

ಮೇಳದ ಮೂರು ದಿನಗಳಿಗಿಂತ ಉಳಿದ ದಿನಗಳಲ್ಲಿ ಈ ನೀರು ಮಾಡುವ ಕೆಲಸ ದೊಡ್ಡದು. ಕಪಿಲೆ ಎಂದು ಇಲ್ಲಿಯವರು ಕರೆಯುವ ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿನ ತಿರುನೆಲ್ಲಿಯ ಬೆಟ್ಟದ ಬುಡದಲ್ಲಿ ಪಾಪನಾಶಿನಿ ಎಂಬ ಸಣ್ಣ ತೊರೆಯಿದೆ. ಮಲಬಾರಿನ ಕಡೆಯ ಸಾವಿರಾರು ಕುಟುಂಬಗಳು ತಮ್ಮ ಹಿರಿಯರ ಅಸ್ಥಿಯನ್ನು ಬಿಡುವುದು ಅದರಲ್ಲೇ. ಆ ನೀರು ಕಾಳಿಂದಿ ಹೊಳೆಯ ಮೂಲಕ ಕಬಿನಿಗೆ ಸೇರಿ, ಬೀಚನಹಳ್ಳಿಯ ಅಣೆಕಟ್ಟೆ ದಾಟಿ, ನಂಜನಗೂಡನ್ನು ಹಾದು ಸಂಗಮಕ್ಕೆ ಬರುತ್ತದೆ. ಅತ್ತ ಕೊಡಗಿನಲ್ಲಿ ತುಲಾ ಸಂಕ್ರಮಣದ ದಿನ ತಲಕಾವೇರಿಯಿಂದ ತಂದ ತೀರ್ಥವನ್ನು ಮನೆಯಲ್ಲಿ ಜೋಪಾನವಾಗಿಟ್ಟು, ಪ್ರಾಣ ಹೋಗುವ ಹೊತ್ತಿನಲ್ಲಿ ಬಾಯಿಗೆ ಬಿಡುವ ಪದ್ಧತಿಯಿದೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ 1948ರ ಫೆಬ್ರುವರಿಯಲ್ಲಿ ಗಾಂಧೀಜಿಯ ಚಿತಾಭಸ್ಮವನ್ನೂ ಕಾವೇರಿಗೆ ಬಿಡಲಾಯಿತು. ಭಾಷೆ ಬೇರೆ, ಜಾತಿ ಬೇರೆ, ಊರು ಬೇರೆಯಾದ ಎಷ್ಟೋ ಮನೆಗಳ ದುಃಖ ಈ ಎರಡು ನದಿಗಳಲ್ಲಿ ಹರಿದು ಬಂದು ನರಸೀಪುರದಲ್ಲಿ ಒಂದಾಗುತ್ತದೆ.

ಎಲ್ಲರೂ ಸುಡುವವರಲ್ಲ. ಈ ಸೀಮೆಯ ಲಿಂಗಾಯತರು, ದಲಿತರು, ಇನ್ನೂ ಹಲವು ಸಮುದಾಯಗಳವರು ತಮ್ಮವರನ್ನು ಹೊಲದ ಅಂಚಿನಲ್ಲೋ ಊರ ಸ್ಮಶಾನದಲ್ಲೋ ಮಣ್ಣು ಮಾಡುತ್ತಾರೆ. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಬೇಕು. ಆಮೇಲೆ ಹಾಲುತುಪ್ಪ ಬಿಡುವ ದಿನ, ಹನ್ನೊಂದರ ತಿಥಿ. ಎಡೆ ಇಟ್ಟು ಮನೆಯವರೆಲ್ಲ ದೂರ ಸರಿದು ನಿಲ್ಲುವ ಆ ಗಳಿಗೆಯನ್ನು ಕಂಡವರಿಗೆ ಗೊತ್ತು: ಕಾಗೆ ಬಂದು ಮುಟ್ಟುವವರೆಗೆ ಯಾರಿಗೂ ಜೀವದಲ್ಲಿ ಜೀವವಿರುವುದಿಲ್ಲ. ಉಳಿದ ದಿನ ಹುಶ್ ಎಂದು ಓಡಿಸುವ ಹಕ್ಕಿಯನ್ನು ಅವತ್ತು ಕೈಮುಗಿದು ಕರೆಯುತ್ತಾರೆ. ಕಾಗೆ ತಡಮಾಡಿದರೆ, ಸತ್ತವರ ಯಾವ ಆಸೆ ಉಳಿದಿತ್ತೆಂದು ಮನೆಯವರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಬಾಯಿಬಿಟ್ಟು ಆಡದ ಎಷ್ಟೋ ಮಾತುಗಳು ಆಗ ಹೊರಗೆ ಬರುತ್ತವೆ.

ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ದೇವನೂರ ಮಹಾದೇವ ಅವರು 1984ರಲ್ಲಿ ಪ್ರಕಟಿಸಿದ ‘ಕುಸುಮಬಾಲೆ’ಯಲ್ಲಿ ಮನೆಮನೆಯ ದೀಪದ ಜೋತಮ್ಮಗಳು ರಾತ್ರಿ ಒಂದೆಡೆ ಸೇರಿ ಕಷ್ಟಸುಖ ಮಾತಾಡಿಕೊಳ್ಳುತ್ತವೆ. ಹೊರಗಿನ ಓದುಗರಿಗೆ ಅದು ಕಲ್ಪನೆಯ ಬೆರಗು. ಈ ಸೀಮೆಯ ಅಜ್ಜಿಯರಿಗೆ ದೀಪ, ಕಾಗೆ, ಹುತ್ತ, ಹೊಳೆ ಎಲ್ಲವೂ ಮೊದಲಿನಿಂದಲೂ ಮಾತು ಕೇಳಿಸಿಕೊಳ್ಳುವ ಜೀವಗಳೇ.

ಹುಟ್ಟಿನ ಕಡೆಗೆ ಬಂದರೆ, ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಸೂಲಗಿತ್ತಿಯ ಕೊನೆಯ ಕೆಲಸ ಮಾಸನ್ನು ಮಣ್ಣಿಗೆ ಸೇರಿಸುವುದಾಗಿತ್ತು. ಹಿತ್ತಲಲ್ಲಿ ಆಳವಾಗಿ ಗುಂಡಿ ತೋಡಿ, ನಾಯಿ ನರಿ ಮುಟ್ಟದಂತೆ ಹೂಳುತ್ತಿದ್ದರು. ಕೂಸಿನ ಒಂದು ಪಾಲು ಹುಟ್ಟಿದ ಮನೆಯ ನೆಲದೊಳಗೇ ಉಳಿಯುತ್ತಿತ್ತು. ದೂರದ ನ್ಯೂಜಿಲೆಂಡಿನ ಮಾವೊರಿ ಜನರಲ್ಲೂ ಇದೇ ರೂಢಿಯಿದೆ. ಅವರು ಈಗಲೂ ಆಸ್ಪತ್ರೆಯಿಂದ ಮಾಸನ್ನು ಕೇಳಿ ಪಡೆದು ತಮ್ಮ ಪೂರ್ವಜರ ನೆಲದಲ್ಲಿ ಹೂಳುತ್ತಾರೆ. ನಮ್ಮಲ್ಲಿ ಹೆರಿಗೆ ಆಸ್ಪತ್ರೆಗೆ ಹೋದ ಮೇಲೆ ಈ ಪದ್ಧತಿ ಸದ್ದಿಲ್ಲದೆ ನಿಂತಿತು. ತಾಯಂದಿರ, ಹಸುಗೂಸುಗಳ ಜೀವ ಉಳಿಯುವುದಕ್ಕಿಂತ ದೊಡ್ಡದು ಯಾವುದೂ ಇಲ್ಲವಾದ್ದರಿಂದ ಅದಕ್ಕೆ ಕೊರಗಬೇಕಾಗಿಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಕೈಯ ಹದವನ್ನೂ ಬೇರು ಸೊಪ್ಪಿನ ತಿಳಿವನ್ನೂ ಒಟ್ಟಿಗೆ ಬಲ್ಲ ತಲೆಮಾರು ಅವರೊಂದಿಗೆ ಬಹುಪಾಲು ಮುಗಿಯಿತು.

ಗಂಗೆಪೂಜೆ ಮಾತ್ರ ಉಳಿದಿದೆ. ಬಾಣಂತನ ಮುಗಿಸಿದ ತಾಯಿ ಮೊದಲ ಸಲ ಹೊರಗೆ ಬರುವುದು ನೀರಿನ ಹತ್ತಿರಕ್ಕೆ. ಬಾವಿಯೋ ಹೊಳೆಯೋ ಇದ್ದ ಕಡೆ ಮೂರು ಕಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು, ತುಂಬಿದ ಬಿಂದಿಗೆ ಹೊತ್ತು ಒಳಗೆ ಹೋಗುತ್ತಾಳೆ. ಬಾವಿ ಬತ್ತಿದ ಊರುಗಳಲ್ಲಿ ಈಗ ಬೋರ್‌ವೆಲ್ ಕೈಪಂಪಿಗೋ ಮನೆ ಮುಂದಿನ ನಲ್ಲಿಗೋ ಅದೇ ಪೂಜೆ. ನಗಬೇಕಾದ ಸಂಗತಿ ಇದಲ್ಲ. ನೀರು ಯಾವ ದಾರಿಯಿಂದ ಬಂದರೂ ಅದು ಗಂಗಮ್ಮನೇ ಎಂಬ ನೆನಪನ್ನು ಆ ಹೆಣ್ಣುಮಕ್ಕಳು ಕೈಬಿಟ್ಟಿಲ್ಲ.

ಮಗುವಿನ ಮೊದಲ ಕೂದಲು ಮಾತ್ರ ನಂಜುಂಡನದು. ನಂಜನಗೂಡಿನಲ್ಲಿ ಕಪಿಲೆಯ ದಡದ ಸ್ನಾನಘಟ್ಟದಲ್ಲಿ ಮುಡಿ ಕೊಡಿಸಿ, ಮುಳುಗು ಹಾಕಿಸಿ, ಒದ್ದೆ ಬಟ್ಟೆಯಲ್ಲೇ ಶ್ರೀಕಂಠೇಶ್ವರನ ದರ್ಶನಕ್ಕೆ ಕರೆದೊಯ್ಯುತ್ತಾರೆ. ಕಾಯಿಲೆಯಿಂದ ಎದ್ದವರು ಉರುಳುಸೇವೆಯ ಹರಕೆ ತೀರಿಸುತ್ತಾರೆ. ದೇವಸ್ಥಾನಕ್ಕೆ ಮೊದಲು ನದಿ, ಆಮೇಲೆ ದೇವರು. ಈ ಕ್ರಮ ತಪ್ಪುವುದಿಲ್ಲ. ಮಳೆಗಾಲದಲ್ಲಿ ಕಬಿನಿ ಅಣೆಕಟ್ಟೆಯಿಂದ ನೀರು ಹೆಚ್ಚು ಬಿಟ್ಟಾಗ ದಡದ ಹದಿನಾರು ಕಾಲು ಮಂಟಪವೇ ಮುಳುಗುತ್ತದೆ. ಆಗ ಭಕ್ತರು ದೂರದಲ್ಲೇ ನಿಂತು ತಲೆಗೆ ನೀರು ಚಿಮುಕಿಸಿಕೊಂಡು ಒಳಗೆ ಹೋಗುತ್ತಾರೆ.

ಮದುವೆ ಈಗ ಬಹುಪಾಲು ಛತ್ರಕ್ಕೆ ಹೋಗಿದೆ. ಆದರೂ ಚಪ್ಪರದ ದಿನ ಹಳ್ಳಿಯ ಮನೆಯ ಮುಂದೆ ಹಸಿರು ಬರಲೇಬೇಕು. ಹಾಲು ಸುರಿಯುವ ಮರದ, ಸಾಮಾನ್ಯವಾಗಿ ಅತ್ತಿಯ, ಕೊಂಬೆ ತಂದು ಹಾಲುಗಂಬ ನೆಡುತ್ತಾರೆ. ತೆಂಗಿನ ಗರಿ, ನೇರಳೆ ಸೊಪ್ಪು ಹೊದಿಸುತ್ತಾರೆ. ಹೆಂಗಸರು ಹುತ್ತದ ಬಳಿ ಹೋಗಿ ಪೂಜೆ ಮಾಡಿ ಮಣ್ಣು ತರುತ್ತಾರೆ. ಗೆದ್ದಲು ಕಟ್ಟಿ ನಾಗಪ್ಪ ವಾಸವಿರುವ ಮಣ್ಣಿನಿಂದ ಹೊಸ ಸಂಸಾರದ ಹಸೆಯ ಜಗಲಿ ಸಿದ್ಧವಾಗುತ್ತದೆ. ಊರಿನ ಕಟ್ಟೆಯಲ್ಲಿ ಅರಳಿ ಬೇವುಗಳಿಗೂ ಮದುವೆಯಾಗಿರುತ್ತದೆ. ಅವುಗಳ ಬುಡದ ನಾಗರಕಲ್ಲಿಗೆ ಸುತ್ತು ಬರುವ ಹೆಂಗಸರು ತಮ್ಮ ಮಡಿಲು ತುಂಬಲೆಂದು ಬೇಡಿಕೊಳ್ಳುತ್ತಾರೆ.

ಫ್ರೆಂಚ್ ವಿದ್ವಾಂಸ ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ ಬರೆದ ಪುಸ್ತಕವೊಂದರಲ್ಲಿ ಲೋಕದ ಎಲ್ಲ ಕಡೆಯ ಇಂಥ ಆಚರಣೆಗಳನ್ನು ಕೂಡಿಸಿ ನೋಡಿದ. ಅವುಗಳಲ್ಲಿ ಮೂರು ಹೆಜ್ಜೆ ಅವನಿಗೆ ಕಂಡವು. ಮೊದಲು ಮನುಷ್ಯನನ್ನು ಹಳೆಯ ಸ್ಥಿತಿಯಿಂದ ಬಿಡಿಸುವುದು. ಆಮೇಲೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬ ಹೊಸ್ತಿಲ ಕಾಲ. ಕೊನೆಗೆ ಹೊಸ ಸ್ಥಾನ ಕೊಟ್ಟು ಊರೊಳಗೆ ಕರೆದುಕೊಳ್ಳುವುದು. ಕೂದಲು ತೆಗೆಸಿ, ನೀರಲ್ಲಿ ಮುಳುಗಿಸಿ, ದೇವರ ದರ್ಶನ ಮಾಡಿಸುವ ನಂಜನಗೂಡಿನ ಕ್ರಮದಲ್ಲಿ ಈ ಮೂರೂ ಇವೆ. ಆ ನಡುಗಾಲದಲ್ಲಿ ಮನುಷ್ಯ ಬಹಳ ಒಂಟಿ. ಗಂಡ ಸತ್ತವಳಿಗೆ, ಹೊಸ ಬಾಣಂತಿಗೆ, ತಂದೆಯನ್ನು ಕಳೆದುಕೊಂಡ ಮಗನಿಗೆ ಮಾತಿನ ಸಮಾಧಾನ ಅರ್ಧಕ್ಕೇ ನಿಲ್ಲುತ್ತದೆ. ಆಗ ಹರಿಯುವ ನೀರಿನಲ್ಲಿ ಕಾಲಿಟ್ಟು ನಿಂತರೆ, ತನಗಿಂತ ಹಳೆಯದಾದ, ತನ್ನ ನಂತರವೂ ಇರುವ ಒಂದರ ಜೊತೆಗಿದ್ದೇನೆಂಬುದು ಮೈಗೇ ತಿಳಿಯುತ್ತದೆ. ಅಧ್ಯಾತ್ಮವೆಂದು ಹೆಸರಿಡದೆಯೇ ಇಲ್ಲಿನ ಜನ ಪಡೆದುಕೊಂಡ ಅಧ್ಯಾತ್ಮ ಇದು.

ಹಾಗೆಂದು ಹಳೆಯದೆಲ್ಲ ಹೊನ್ನಲ್ಲ. ಹಳೇ ಮೈಸೂರಿನಲ್ಲಿ ಹುಡುಗಿ ಮೈನೆರೆದಾಗ ಸೋದರಮಾವ ಹಸಿ ಸೊಪ್ಪಿನ ಗುಡ್ಲು ಹಾಕಿ ಅವಳನ್ನು ಕೂರಿಸುವ ಪದ್ಧತಿಯಿತ್ತು. ಒಸಗೆಯ ಹಾಡು, ಚಿಗಳಿ ಉಂಡೆಗಳ ಪ್ರೀತಿ ಅದರಲ್ಲಿದ್ದರೂ ಸೂತಕದ ಹೆಸರಿನಲ್ಲಿ ದೂರ ಇಡುವ ನೋವೂ ಇತ್ತು. ಅದೇ ಸೂತಕ ಕಟ್ಟುನಿಟ್ಟಾದಾಗ ಏನಾಗುತ್ತದೆಂದು 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದು ತೋರಿಸಿತು. ಮಳೆ ಚಳಿಯಲ್ಲಿ ಊರ ಹೊರಗಿನ ಗುಡಿಸಿಲಿನಲ್ಲಿಟ್ಟ ಬಾಣಂತಿಯ ಹಸುಗೂಸು ಉಳಿಯಲಿಲ್ಲ. ಮಣ್ಣು ಮರಗಳ ಹತ್ತಿರ ಕಳಿಸುವುದು ಬೇರೆ, ಮನೆಯಿಂದ ಹೊರಗೆ ಹಾಕುವುದು ಬೇರೆ. ಎರಡನೆಯದಕ್ಕೆ ದೇವರ ಹೆಸರು ಹೇಳುವುದು ಅನ್ಯಾಯ.

ನರಸೀಪುರದಿಂದ ಆಗ್ನೇಯಕ್ಕೆ ಕಣ್ಣು ಹಾಯಿಸಿದರೆ ಕಾಣುವ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಈ ನಂಟನ್ನು ಇನ್ನೂ ಆಳಕ್ಕೆ ಒಯ್ದಿದ್ದಾರೆ. ಕಾಡಿನ ಒಂದೊಂದು ಭಾಗ ಒಂದೊಂದು ಕುಲಕ್ಕೆ ಸೇರಿದ್ದು. ಆ ಎಲ್ಲೆಯೊಳಗೆ ಅವರ ದೇವರು, ಮಾರಮ್ಮ, ವೀರು, ನೀರಿನ ಅಬ್ಬಿ, ಹಿರಿಯರ ನೆನಪಿನ ಕಲ್ಲುಗುಡಿ ಎಲ್ಲವೂ ಇರುತ್ತವೆ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರ ಅವರಿಗೆ ಸಾಕ್ಷಾತ್ ಶಿವ. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾದ ಮೇಲೆ ಸೋಲಿಗರನ್ನು ಒಳಗಿನಿಂದ ಎಬ್ಬಿಸಿ ಪೋಡು ಎಂಬ ಹಾಡಿಗಳಲ್ಲಿ ನೆಲೆಗೊಳಿಸಲಾಯಿತು. ದೇವರುಗಳೂ ಹಿರಿಯರ ಕಲ್ಲುಗಳೂ ಕಾಡಿನೊಳಗೇ ಉಳಿದವು. ಬೇಸಿಗೆ ಆರಂಭದಲ್ಲಿ ಅವರು ಹಾಕುತ್ತಿದ್ದ ತರಗು ಬೆಂಕಿ ನಿಂತಿತು. ಲಂಟಾನ ಪೊದೆ ಕಾಡನ್ನೆಲ್ಲ ಕವಿಯಲು ಅದೂ ಕಾರಣವೆಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯ ಅಡಿ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ತಮ್ಮ ಹಿರಿಯರ ಕಲ್ಲಿಗೆ ಪೂಜೆ ಮಾಡಲು ಕಾನೂನಿನ ಕಾಗದ ಬೇಕಾದ ಕಾಲ ಇದು. ಕಾಗದವಾದರೂ ಸಿಕ್ಕಿತಲ್ಲ ಎಂಬುದು ಸಂತೋಷ.

ಕುಲವೂ ಕಾಡೂ ಬೆನ್ನಿಗಿಲ್ಲದ ಹೆಂಗಸೊಬ್ಬಳು ತನ್ನ ಸಂಕಟಕ್ಕೆ ದಾರಿಯನ್ನು ತಾನೇ ಮಾಡಿಕೊಂಡ ಕಥೆಯೂ ನಮ್ಮಲ್ಲಿದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನಿಗೆ ಮಕ್ಕಳಾಗಲಿಲ್ಲ. ಬಂಜೆ ಎಂಬ ಮಾತು ಕೂಲಿ ಹೆಣ್ಣುಮಗಳಿಗೆ ಎಷ್ಟು ಇರಿಯುತ್ತದೆಂದು ಹೇಳಬೇಕಾಗಿಲ್ಲ. ತಿಮ್ಮಕ್ಕ, ಗಂಡ ಚಿಕ್ಕಯ್ಯ ಇಬ್ಬರೂ ಆಲದ ಸಸಿ ನೆಡಲು ತೊಡಗಿದರು. ಮೊದಲ ವರ್ಷ ಹತ್ತು, ಮರುವರ್ಷ ಹದಿನೈದು, ಅದರ ಮುಂದಿನ ವರ್ಷ ಇಪ್ಪತ್ತು. ಬಿಂದಿಗೆಯಲ್ಲಿ ನೀರು ಹೊತ್ತು, ದನ ಮೇಯದಂತೆ ಮುಳ್ಳು ಕಟ್ಟಿ, ಹುಲಿಕಲ್ಲಿನಿಂದ ಕುದೂರಿನವರೆಗಿನ ದಾರಿಯಲ್ಲಿ ನಾಲ್ಕು ಕಿಲೋಮೀಟರು ಉದ್ದಕ್ಕೆ 385 ಆಲದ ಮರ ಬೆಳೆಸಿದರು. 1991ರಲ್ಲಿ ಚಿಕ್ಕಯ್ಯ ತೀರಿಕೊಂಡರು. ತಿಮ್ಮಕ್ಕ ಮುಂದುವರಿದರು. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡುವ ಯೋಜನೆ ಆ ಮರಗಳ ಬುಡಕ್ಕೆ ಬಂದಾಗ ಅಜ್ಜಿ ನೇರ ಮುಖ್ಯಮಂತ್ರಿಗೇ ಮನವಿ ಮಾಡಿದರು. ತನ್ನ ಮಕ್ಕಳ ಪರವಾಗಿ ತಾಯಿ ಹೋಗಿ ಕೇಳಿದ್ದು ಅದು. ಸರ್ಕಾರ ಬೇರೆ ದಾರಿ ಹುಡುಕುವುದಾಗಿ ಮಾತು ಕೊಟ್ಟಿತು. 2025ರ ನವೆಂಬರಿನಲ್ಲಿ, ನೂರು ದಾಟಿ ಹತ್ತಾರು ವರ್ಷ ಬಾಳಿದ ಮೇಲೆ ಅವರು ಕಣ್ಮುಚ್ಚಿದರು.

ಮತ್ತೆ ಕಾವೇರಿಯ ದಡಕ್ಕೆ ಬಂದರೆ, ನಂಟು ಕೆಡುವುದು ಹೇಗೆಂಬ ಪಾಠವೂ ಇಲ್ಲೇ ಇದೆ. ತಲಕಾಡು ಗಂಗರ ರಾಜಧಾನಿಯಾಗಿದ್ದ ಊರು. ಚೋಳರನ್ನು ಗೆದ್ದ ನೆನಪಿಗೆ ವಿಷ್ಣುವರ್ಧನ 1117ರಲ್ಲಿ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ್ದು ಇಲ್ಲಿಯೇ. ಆಮೇಲೆ ಊರಿಗೆ ಊರೇ ಮರಳಿನಡಿ ಹೋಯಿತು. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ವಶವಾದಾಗ ನೊಂದ ಅಲ್ಲಿನ ರಾಣಿ ಅಲಮೇಲಮ್ಮ ಕೊಟ್ಟ ಶಾಪವೇ ಇದಕ್ಕೆ ಕಾರಣವೆಂದು ಜನ ಇಂದಿಗೂ ನಂಬುತ್ತಾರೆ. ಕೃಷಿ ವಿಜ್ಞಾನಿ, ಕಾದಂಬರಿಕಾರ ಡಾ. ಕೆ.ಎನ್. ಗಣೇಶಯ್ಯ ಅವರು ಬೇರೆ ಕಾರಣವನ್ನು ಮುಂದಿಟ್ಟಿದ್ದಾರೆ. ವಿಜಯನಗರ ಕಾಲದಲ್ಲಿ ಹೆಮ್ಮಿಗೆ–ತಲಕಾಡಿನ ಆಸುಪಾಸಿನಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯಿಂದ ನದಿಯ ಹರಿವು ಬದಲಾಯಿತು, ಪಾತ್ರದ ಮರಳು ಬಯಲಾಯಿತು, ಗಾಳಿ ಅದನ್ನು ಊರಿನ ಮೇಲೆ ತಂದು ಸುರಿಯಿತು ಎಂಬುದು ಅವರ ವಾದ. ಆ ಅಣೆಕಟ್ಟೆಯ ನಾಲೆ ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿದೆ. ಅನ್ನ ಕೊಟ್ಟ ಕಟ್ಟೆಯೇ ಒಂದು ನಗರವನ್ನು ಹೂತಿರಬಹುದು. ಈ ಎರಡು ಕಥೆಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಕಾಗಿಲ್ಲ. ನೊಂದ ಹೆಣ್ಣಿನ ಮಾತಿಗೂ ಅಡ್ಡಗಟ್ಟಿದ ನದಿಗೂ ಪರಿಣಾಮವಿರುತ್ತದೆಂದು ಎರಡೂ ಹೇಳುತ್ತವೆ. ಮರಳಿನಿಂದ ಬಿಡಿಸಿದ ಆ ಗುಡಿಗಳಿಗೇ ಜನ ಪಂಚಲಿಂಗ ದರ್ಶನಕ್ಕೆ ಬರುತ್ತಾರೆ. 2013ರ ನಂತರ ಅದು ಕೂಡಿಬಂದದ್ದು 2020ರ ಡಿಸೆಂಬರಿನಲ್ಲಿ.

ಈ ಕಾಲದ ಮರಳು ಬೇರೆ ಥರದ್ದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ರಾಜ್ಯದ 17 ಕಲುಷಿತ ನದಿಭಾಗಗಳಲ್ಲಿ ಕಬಿನಿಯ ನಂಜನಗೂಡು–ಹೆಜ್ಜಿಗೆ ಭಾಗವೂ ಸೇರಿತ್ತು. ಊರಿನ ಚರಂಡಿ ಒಂದು ಕಡೆ, ಭಕ್ತರದೇ ಪಾಲು ಇನ್ನೊಂದು ಕಡೆ. ಮುಳುಗು ಹಾಕಿದ ಮೇಲೆ ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟರೆ ಕಷ್ಟ ಕಳೆಯುತ್ತದೆಂಬ ನಂಬಿಕೆಯಿಂದ ಘಟ್ಟದ ತಳದಲ್ಲಿ ಸೀರೆ, ಪಂಚೆ, ಅಂಗಿಗಳು ಕೊಳೆಯುತ್ತವೆ. ಸೋಪು, ಶಾಂಪೂ ಪೊಟ್ಟಣ ಮೆಟ್ಟಿಲ ಮೇಲೆ ಚೆಲ್ಲಾಡಿರುತ್ತವೆ. 2025ರ ಮಾರ್ಚ್‌ನಲ್ಲಿ ಅರಣ್ಯ, ಪರಿಸರ ಸಚಿವ ಈಶ್ವರ ಖಂಡ್ರೆ ಅವರು ತೀರ್ಥಕ್ಷೇತ್ರಗಳ ನದಿ, ಕಲ್ಯಾಣಿಗಳ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ, ನೀರಿಗೆ ಬಟ್ಟೆ ಬಿಡದಂತೆ ತಡೆಯಲು ಅಧಿಕಾರಿಗಳಿಗೆ ಸೂಚಿಸಿದರು. ಒಳ್ಳೆಯ ಹೆಜ್ಜೆ. ಆದರೆ ದುಃಖದಲ್ಲಿ ಬಂದವರನ್ನು ಕಾವಲುಗಾರ ಗದರಿಸಿ ತಡೆದರೆ ಅವರು ಇನ್ನೊಂದು ಘಟ್ಟ ಹುಡುಕಿಕೊಂಡು ಹೋಗುತ್ತಾರೆ. ಹಳೆ ಬಟ್ಟೆಯನ್ನು ದಡದ ತೊಟ್ಟಿಗೆ ಹಾಕಿದರೂ ಹರಕೆ ಸಲ್ಲುತ್ತದೆಂದು ಮುಡಿ ತೆಗೆಯುವವರು, ಪುರೋಹಿತರು, ಮಠದವರು ಹೇಳಬೇಕು. ಜನ ಕೇಳುವುದು ಅವರ ಮಾತನ್ನು.

ಮೂರು ವರ್ಷದ ಲೆಕ್ಕದಲ್ಲಿ ಸಂಗಮದ ಮುಂದಿನ ಕುಂಭಮೇಳ 2028ಕ್ಕೆ ಬರಬೇಕು. ಮೇಳದ ಹತ್ತಿರಕ್ಕೆ ಮೆಟ್ಟಿಲು, ಬ್ಯಾರಿಕೇಡು, ದೀಪಗಳ ಕೆಲಸ ಹೇಗೂ ನಡೆಯುತ್ತದೆ. ನಂಜನಗೂಡಿನ ಚರಂಡಿ ನೀರು ಶುದ್ಧವಾಗದೆ ಕಪಿಲೆಗೆ ಸೇರದಂತೆ ಮಾಡುವುದು, ಮುಡಿಕೂದಲನ್ನೂ ಬಟ್ಟೆಯನ್ನೂ ದಡದಲ್ಲೇ ಸಂಗ್ರಹಿಸುವುದು, ಹೆಂಗಸರು ಬಟ್ಟೆ ಬದಲಿಸಲು ಸಾಕಷ್ಟು ಕೋಣೆ ಕಟ್ಟುವುದು, ಈ ಕೆಲಸಗಳು ಮೇಳಕ್ಕೆ ಕಾಯಬೇಕಾಗಿಲ್ಲ. ಪಿಂಡ ಬಿಡುವವರೂ ಕೂಸಿಗೆ ಮೊದಲ ಸ್ನಾನ ಮಾಡಿಸುವವರೂ ನಾಳೆ ಬೆಳಗ್ಗೆಯೇ ಅಲ್ಲಿಗೆ ಬರುತ್ತಾರೆ.